ವೀಸಾ ಪತ್ರದ ಎರಡನೇ ಪುಟ

ಎಲ್ಲರಿಗೂ ನಮಸ್ಕಾರ.

ಇವತ್ತು ಡಿಸೆಂಬರ್ 18, ಅಂತರರಾಷ್ಟ್ರೀಯ ವಲಸಿಗರ ದಿನ. 1990ರಲ್ಲಿ ಇದೇ ತಾರೀಖಿನಂದು ವಿಶ್ವಸಂಸ್ಥೆ ವಲಸೆ ಕಾರ್ಮಿಕರ ಹಕ್ಕುಗಳ ಒಪ್ಪಂದವನ್ನು ಅಂಗೀಕರಿಸಿತು. ಆ ನೆನಪಿಗೆ ಈ ದಿನ, ಈ ಸಭೆ. ನನಗೆ ಕೊಟ್ಟಿರುವ ವಿಷಯ ‘ವಿದೇಶದ ಕೆಲಸಕ್ಕೆ ವೀಸಾ ಪಡೆಯುವುದು ಹೇಗೆ’ ಅಂತ. ಇಲ್ಲಿ ಕೂತವರಲ್ಲಿ ಅರ್ಧ ಜನರ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲ್ ಕಾಣುತ್ತಿದೆ. ಅಂದರೆ ನಿಮ್ಮ ಓಡಾಟ ಆಗಲೇ ಶುರುವಾಗಿದೆ. ಹಾಗಾಗಿ ವೀಸಾ ಎಂದರೇನು ಅಂತ ಅ ಆ ಇ ಈ ಇಂದ ಹೇಳುತ್ತಾ ಕೂರುವುದಿಲ್ಲ.

ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಒಂದೇ ಪ್ರಶ್ನೆ. ನಿಮ್ಮ ಕೆಲಸ ಹೋದ ದಿನ ನಿಮ್ಮ ವೀಸಾ ಏನಾಗುತ್ತದೆ?

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ. “ಸಾರ್, ಆಫರ್ ಬಂತು!” ಅಂದ. ಸಂಬಳ ಹೇಳಿದ, ಹುದ್ದೆ ಹೇಳಿದ, ಟಿಕೆಟ್ ಅವರದೇ ಅಂದ. ಎಲ್ಲ ಕೇಳಿಸಿಕೊಂಡು, “ಆ ಕೆಲಸ ಹೋದರೆ ಅಲ್ಲಿ ಎಷ್ಟು ದಿನ ಇರಬಹುದಪ್ಪಾ?” ಅಂತ ಕೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, “ಹೋಗೋ ಮುಂಚೆನೇ ಯಾಕೆ ಸಾರ್ ಅಪಶಕುನ?” ಅಂದ.

ನಗಬೇಡಿ. ನಾವೆಲ್ಲ ಹಾಗೇ ಅಲ್ವಾ? ಆಫರ್ ಲೆಟರ್ ಕೈಗೆ ಬಂದ ದಿನ ಇಂಥ ಮಾತು ಯಾರಿಗೆ ಬೇಕು? ನನಗೂ ಬೇಕಿರಲಿಲ್ಲ. ಆ ಕಥೆಯನ್ನೇ ಮೊದಲು ಹೇಳುತ್ತೇನೆ. ದೇಶದ ಹೆಸರು ಬೇಡ, ಕಂಪನಿಯ ಹೆಸರೂ ಬೇಡ.

ನನಗೆ ವೀಸಾ ಬಂದ ದಿನ ಪಾಸ್‌ಪೋರ್ಟಿನ ಆ ಹಾಳೆಯನ್ನು ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕವಿಲ್ಲ. ಹೊಳೆಯುವ ಸ್ಟಿಕರ್, ಮೂಲೆಯಲ್ಲಿ ನನ್ನ ಫೋಟೋ, ತಳದಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು. ಜೊತೆಗೆ ಒಂದು ಪತ್ರವಿತ್ತು, ಎರಡು ಪುಟದ್ದು. ಮೊದಲ ಪುಟದಲ್ಲಿ ನನ್ನ ಹೆಸರು, ಹುದ್ದೆ, ಅನುಮತಿ ಕೊಟ್ಟಿದ್ದೇವೆ ಅನ್ನುವ ಮಾತು. ಅಷ್ಟು ಓದಿದೆ. ಮಡಚಿ ಫೈಲಿಗೆ ಹಾಕಿದೆ. ಆ ಫೈಲ್ ನನ್ನ ಜೊತೆ ವಿಮಾನ ಹತ್ತಿತು, ಬಾಡಿಗೆ ಮನೆಯ ಕಪಾಟು ಸೇರಿತು, ಮೂರು ವರ್ಷ ಅಲ್ಲೇ ಇತ್ತು.

ಮೂರನೇ ವರ್ಷದ ಒಂದು ಶುಕ್ರವಾರ. ಸಂಜೆ ನಾಲ್ಕರ ಹೊತ್ತಿಗೆ ನಮ್ಮ ವಿಭಾಗದ ಹನ್ನೊಂದು ಜನರನ್ನು ಒಂದು ರೂಮಿಗೆ ಕರೆದರು. ವಿಭಾಗ ಮುಚ್ಚುತ್ತಿದ್ದೇವೆ ಅಂದರು. ಮ್ಯಾನೇಜರ್ ಒಳ್ಳೆಯ ಹೆಂಗಸು, ಅವರ ಕಣ್ಣಲ್ಲೂ ನೀರಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಆ ದೇಶದ ಪ್ರಜೆಯೇ ಆದ ಗೆಳೆಯ ಕೂತಿದ್ದ. ಹೊರಗೆ ಬಂದಾಗ ಬೆನ್ನು ತಟ್ಟಿ, “ಎರಡು ವಾರ ಆರಾಮಾಗಿ ಮಲಗು, ಆಮೇಲೆ ಕೆಲಸ ಹುಡುಕೋಣ” ಅಂದ. ಅವನು ಪ್ರೀತಿಯಿಂದಲೇ ಹೇಳಿದ್ದು.

ರಾತ್ರಿ ಲೆಕ್ಕ ಚುಕ್ತಾ ಮಾಡುವ ಕಾಗದಕ್ಕಾಗಿ ಫೈಲ್ ತೆಗೆದೆ. ಆ ಪತ್ರ ಸಿಕ್ಕಿತು. ಮೊದಲ ಸಲ ಪುಟ ತಿರುಗಿಸಿದೆ. ಅಲ್ಲಿ ಚಿಕ್ಕ ಅಕ್ಷರದಲ್ಲಿ ಮೂರು ಮಾತು ಇದ್ದವು. ಈ ಅನುಮತಿ ಈ ಕಂಪನಿಗೆ, ಈ ಹುದ್ದೆಗೆ ಮಾತ್ರ. ಕೆಲಸ ನಿಂತರೆ ಕಂಪನಿಯೇ ಇಮಿಗ್ರೇಶನ್ ಇಲಾಖೆಗೆ ತಿಳಿಸಬೇಕು. ನಿಂತ ದಿನದಿಂದ 30 ದಿನದೊಳಗೆ ಬೇರೆ ಅನುಮತಿಗೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು.

ಕಪಾಟಿನ ಬಾಗಿಲು ಹಿಡಿದು ನಿಂತುಕೊಂಡೇ ಓದಿದೆ. ಹೆಂಡತಿ ಮತ್ತು ಮಗಳ ವೀಸಾ ನನ್ನ ವೀಸಾದ ಮೇಲೆ ನಿಂತಿತ್ತು. ಮಗಳ ಪರೀಕ್ಷೆಗೆ ಆರು ವಾರ ಬಾಕಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ಎರಡು ಸಲ ಎಣಿಸಿದೆ. ಪರೀಕ್ಷೆಗೆ ಮುಂಚೆಯೇ 30 ದಿನ ಮುಗಿಯುತ್ತಿತ್ತು.

ನೋಡಿ, ಅದೇ ರೂಮು, ಅದೇ ದಿನ, ಅದೇ ಸುದ್ದಿ. ಆ ಗೆಳೆಯ ಕಳೆದುಕೊಂಡದ್ದು ಕೆಲಸ. ನಾನು ಕಳೆದುಕೊಂಡದ್ದು ಕೆಲಸ, ಮನೆ, ಮಗಳ ಶಾಲೆ, ಮೂರೂ ಒಟ್ಟಿಗೆ. 19ನೇ ದಿನ ಇನ್ನೊಂದು ಕಂಪನಿ ಒಪ್ಪಿತು. 27ನೇ ದಿನ ಅವರ ಅರ್ಜಿ ಇಲಾಖೆ ಸೇರಿತು. ನಾವು ಉಳಿದೆವು. ನನ್ನ ಹಾಗೆಯೇ ಹೊರಗಿನಿಂದ ಬಂದಿದ್ದ ಇನ್ನೊಬ್ಬರಿಗೆ ಆಗಲಿಲ್ಲ. ಪಾತ್ರೆ, ಮಂಚ, ಮಗುವಿನ ಸೈಕಲ್ಲು ಎಲ್ಲವನ್ನೂ ಅಕ್ಕಪಕ್ಕದವರಿಗೆ ಸುಮ್ನೆ ಕೊಟ್ಟು ವಿಮಾನ ಹತ್ತಿದರು. ಆ ಸೈಕಲ್ಲನ್ನು ಕೊಡುವಾಗ ನಾನು ಅಲ್ಲಿದ್ದೆ.

ಈ ಕಥೆಗೆ ಸಮಯ ಜಾಸ್ತಿ ಹೋಯಿತು, ಗೊತ್ತು. ಆದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ವರ್ಕ್ ವೀಸಾದಲ್ಲಿ ಮೂರು ಜನ ಇರುತ್ತಾರೆ. ನೀವು, ನಿಮ್ಮನ್ನು ಕರೆಸಿಕೊಳ್ಳುವ ಕಂಪನಿ, ಆ ದೇಶದ ಸರಕಾರ. ಬಹಳ ಕಡೆ ಮೊದಲ ಅರ್ಜಿ ಹಾಕುವವರು ನೀವಲ್ಲವೇ ಅಲ್ಲ. ಅಮೆರಿಕದ ಎಚ್-1ಬಿ ವರ್ಕ್ ವೀಸಾ ತೆಗೆದುಕೊಳ್ಳಿ. ಕೆಲಸಗಾರ ತಾನಾಗಿ ಅರ್ಜಿ ಹಾಕಲು ಬರುವುದಿಲ್ಲ, ಕಂಪನಿಯೇ ಹಾಕಬೇಕು. ವರ್ಷಕ್ಕೆ 65,000 ವೀಸಾ, ಅಲ್ಲಿನ ಸ್ನಾತಕೋತ್ತರ ಪದವಿ ಇದ್ದವರಿಗೆ ಇನ್ನೊಂದು 20,000. ಕೇಳುವವರು ಅದಕ್ಕಿಂತ ಜಾಸ್ತಿ ಇರುವುದರಿಂದ ಚೀಟಿ ಎತ್ತುತ್ತಾರೆ. ಬ್ರಿಟನ್ನಿನಲ್ಲಿ ಲೈಸೆನ್ಸ್ ಇರುವ ಸ್ಪಾನ್ಸರ್ ಕಂಪನಿ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡಬೇಕು. ಹೆಸರು ಸರ್ಟಿಫಿಕೇಟ್ ಅಂತ ಇದ್ದರೂ ಅದು ಚೌಕಟ್ಟು ಹಾಕಿಡುವ ಕಾಗದವಲ್ಲ, ಕಂಪ್ಯೂಟರಿನಲ್ಲಿರುವ ಒಂದು ದಾಖಲೆ, ಅದಕ್ಕೊಂದು ನಂಬರ್. ಸಿಕ್ಕ ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ಜಪಾನಿನಲ್ಲಿ ಸಾಮಾನ್ಯವಾಗಿ ಕಂಪನಿಯವರು ಅಲ್ಲಿನ ಇಮಿಗ್ರೇಶನ್ ಕಚೇರಿಯಿಂದ ಅರ್ಹತಾ ಪತ್ರ ತೆಗೆದು ಕಳಿಸುತ್ತಾರೆ, ಅದನ್ನು ಹಿಡಿದು ನೀವು ಎಂಬಸಿಗೆ ಹೋಗುತ್ತೀರಿ.

ಹೀಗೆ ಕಂಪನಿ ಹಿಡಿದ ಕೊಡೆಯ ಕೆಳಗೆ ನಾವು ನಿಂತಿರುತ್ತೇವೆ. ಮಳೆ ಬಂದಾಗ ಕೊಡೆ ಮಡಚಿದರೆ? ಅದಕ್ಕೆ ಒಂದೊಂದು ದೇಶ ಒಂದೊಂದು ಉತ್ತರ ಕೊಡುತ್ತದೆ. ಎಚ್-1ಬಿಯಲ್ಲಿ ಹೆಚ್ಚೆಂದರೆ 60 ದಿನ. ಆ ಗಡುವಿನೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲೂ ಸಾಮಾನ್ಯವಾಗಿ ಇಲಾಖೆಯ ಪತ್ರ ಬಂದ ಮೇಲೆ 60 ದಿನ. ಯುರೋಪಿಯನ್ ಒಕ್ಕೂಟ ಹೊರಗಿನ ಕುಶಲ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡಿಗೆ 2021ರ ನಿರ್ದೇಶನದ ಪ್ರಕಾರ ಮೂರು ತಿಂಗಳು, ಕಾರ್ಡ್ ಸಿಕ್ಕು ಎರಡು ವರ್ಷ ಕಳೆದವರಿಗೆ ಆರು ತಿಂಗಳು. ಆಸ್ಟ್ರೇಲಿಯಾ 2024ರ ಜುಲೈಯಿಂದ ತನ್ನ ಸ್ಪಾನ್ಸರ್ ವೀಸಾಗಳಿಗೆ ಒಂದು ಸಲಕ್ಕೆ 180 ದಿನ ಮಾಡಿತು. ಮೊದಲು ಹೆಚ್ಚಿನವಕ್ಕೆ 60 ಇತ್ತು. 60 ದಿನದಲ್ಲಿ ಸಂದರ್ಶನಕ್ಕೆ ಕರೆ ಬರುವುದೇ ಕಷ್ಟ. 180 ದಿನದಲ್ಲಿ ಒಬ್ಬ ಮನುಷ್ಯ ತಲೆ ಎತ್ತಿಕೊಂಡು ಕೆಲಸ ಹುಡುಕಬಹುದು. ಎರಡು ಆಫರ್ ಇದ್ದವರು ಸಂಬಳದ ಪಕ್ಕದಲ್ಲಿ ಈ ಅಂಕಿಯನ್ನೂ ಬರೆದುಕೊಂಡು ಹೋಲಿಸಿ. ದಯವಿಟ್ಟು.

ಇನ್ನೊಂದು ಮಾತು. ಕಂಪನಿ ಕೆಟ್ಟದಾಗಿ ನಡೆಸಿಕೊಂಡರೂ ಜನ ಬಾಯಿ ಮುಚ್ಚಿಕೊಂಡಿರುವುದು ಇದೇ ಭಯಕ್ಕೆ. ಕೆನಡಾದಲ್ಲಿ 2019ರಿಂದ ಒಂದು ದಾರಿ ಇದೆ. ಒಂದೇ ಕಂಪನಿಗೆ ಕಟ್ಟಿದ ಪರ್ಮಿಟ್ ಇದ್ದವರು ಅಲ್ಲಿ ದೌರ್ಜನ್ಯ ಅನುಭವಿಸಿದರೆ, ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದಾದ ಓಪನ್ ಪರ್ಮಿಟ್ ಕೇಳಬಹುದು. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಕು ಅನ್ನುವ ನಿಯಮವನ್ನು ತೆಗೆದುಹಾಕಿತು. ಕಾನೂನು ಬದಲಾಗುತ್ತದೆ. ಬದಲಾಗಿದೆ ಅಂತ ಕೆಲಸಗಾರನಿಗೆ ತಿಳಿದಿರಬೇಕು ಅಷ್ಟೆ. ತಿಳಿಯುವುದು ಎಲ್ಲಿಂದ? ಅದೇ, ಎರಡನೇ ಪುಟದಿಂದ, ಆ ದೇಶದ ಸರಕಾರದ ವೆಬ್‌ಸೈಟಿನಿಂದ.

ಈಗ ಕಾಗದಗಳ ವಿಷಯ. ಇಲ್ಲೂ ನನ್ನ ಅನುಭವವೇ ಇದೆ. ನನ್ನ ಅರ್ಜಿಯಲ್ಲಿ ಹಳೆಯ ಕೆಲಸಕ್ಕೆ ಸೇರಿದ ದಿನ 1 ಅಂತ ಬರೆದಿದ್ದೆ. ಎಕ್ಸ್‌ಪೀರಿಯೆನ್ಸ್ ಲೆಟರಿನಲ್ಲಿ 11 ಇತ್ತು. ಕೌಂಟರಿನ ಅಧಿಕಾರಿ ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು, ಪೆನ್ನಿನ ಮುಚ್ಚಳದಿಂದ ಇಲ್ಲೊಮ್ಮೆ ಅಲ್ಲೊಮ್ಮೆ ತಟ್ಟಿದರು. ತರಬೇತಿ ಶುರುವಾದದ್ದು ಒಂದನೇ ತಾರೀಖು, ಸಂಬಳದ ಲೆಕ್ಕ ಹಿಡಿದದ್ದು ಹನ್ನೊಂದರಿಂದ. ಎರಡೂ ನಿಜ. “ನಿಜ ಇರಬಹುದು, ಆದರೆ ಒಂದು ತಾರೀಖು ಹೇಳಿ” ಅಂದರು. ಹಳೆಯ ಕಂಪನಿಯಿಂದ ವಿವರಣೆ ಪತ್ರ ಬರಲು ಐದು ವಾರ ಹಿಡಿಯಿತು. ಆ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಮೇಜಿನ ಆಚೆ ಕೂತವರಿಗೆ ನಾನು ಯಾರು ಅಂತ ಹೇಳಲು ಇರುವುದು ಆ ಹಾಳೆಗಳು ಮಾತ್ರ. ಒಂದು ಹಾಳೆ ಇನ್ನೊಂದರ ಜೊತೆ ಜಗಳವಾಡಿದರೆ ಅವರು ಯಾವುದನ್ನು ನಂಬಬೇಕು?

ಅದಕ್ಕೆ ಅರ್ಜಿ ಹಾಕುವ ಹಿಂದಿನ ರಾತ್ರಿ ಎಲ್ಲ ಕಾಗದವನ್ನೂ ನೆಲದ ಮೇಲೆ ಹರಡಿ. ಹೆಸರಿನ ಅಕ್ಷರ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ. ಒಂದೊಂದನ್ನೇ ಬೆರಳಿಟ್ಟು ನೋಡಿ. ಮನೆಯವರೊಬ್ಬರು ಗಟ್ಟಿಯಾಗಿ ಓದಲಿ, ನೀವು ನೋಡಿ. ತಪ್ಪು ಸಿಕ್ಕರೆ ಮುಚ್ಚಿಡಬೇಡಿ, ವಿವರಣೆ ಪತ್ರ ಜೊತೆಗಿಡಿ. ತಪ್ಪಿಗೆ ಕ್ಷಮೆ ಇದೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಬಹಳ ದೇಶಗಳು ವರ್ಷಗಟ್ಟಲೆ ಬಾಗಿಲು ಹಾಕುತ್ತವೆ.

ಮೂರನೆಯದು ದುಡ್ಡು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದದ ಪ್ರಕಾರ, ಕೆಲಸ ಕೊಡಿಸುವ ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು. ಎಲ್ಲ ದೇಶಗಳೂ ಇದಕ್ಕೆ ಸೇರಿಲ್ಲ, ಒಪ್ಪುತ್ತೇನೆ. ಆದರೂ ಇದು ಕೈಯಲ್ಲಿ ಒಂದು ಅಳತೆಗೋಲು. ಸಾಲ ಮಾಡಿ ಏಜೆಂಟಿಗೆ ಕೊಟ್ಟು ಹೋದವನು ಆ ಸಾಲ ತೀರುವವರೆಗೆ ಎಂಥ ಕೆಲಸವನ್ನೂ ಬಿಡಲಾರ. ಮತ್ತೆ ನನ್ನ ಪ್ರಶ್ನೆಗೇ ಬಂದೆ ಅನ್ನುತ್ತೀರಿ. ಹೌದು, ಬಂದೆ. ವೀಸಾ ಕಟ್ಟಿಹಾಕಿದ್ದು ಒಂದು ಗಂಟು, ಸಾಲ ಅದರ ಮೇಲೆ ಇನ್ನೊಂದು ಗಂಟು.

“ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಿಸೋಣ” ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ದುಡಿದರೆ ಸಂಬಳ ಕೊಡದಿದ್ದಾಗ ದೂರು ಕೊಡಲೂ ಹೆದರಿಕೆ. ದೂರು ಕೊಡಲು ಹೋದರೆ ಮೊದಲು ಕೇಳುವುದೇ ನಿಮ್ಮ ವೀಸಾ. ಕೆಲಸ ಹುಡುಕುವುದಕ್ಕೆಂದೇ ಹೋಗಬೇಕಾದರೆ ಅದಕ್ಕೆ ಬೇರೆ ದಾರಿ ಇರುವ ದೇಶಗಳಿವೆ. ಜರ್ಮನಿ 2024ರ ಜೂನ್‌ನಿಂದ ಕೊಡುತ್ತಿರುವ ಆಪರ್ಚುನಿಟಿ ಕಾರ್ಡಿನಲ್ಲಿ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು. ಅಲ್ಲಿಗೆ ಹೋಗುವವರು ನಿಮ್ಮ ಪದವಿಯನ್ನು ಅವರು ಒಪ್ಪುತ್ತಾರಾ ಅಂತ ‘ಅನಾಬಿನ್’ ಅನ್ನುವ ಅವರ ದತ್ತಾಂಶ ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ನಾಲ್ಕು ಮತ್ತು ಐದನ್ನು ಓಡಿಸಿಬಿಡುತ್ತೇನೆ.

ಅಪೊಸ್ಟಿಲ್, ಅಂದರೆ ನಿಮ್ಮ ದಾಖಲೆಯ ಸಹಿ, ಮೊಹರು ಅಸಲಿ ಅಂತ ಇನ್ನೊಂದು ದೇಶಕ್ಕೆ ದೃಢಪಡಿಸುವ ಮುದ್ರೆ. 1961ರ ಹೇಗ್ ಒಪ್ಪಂದಕ್ಕೆ ಎರಡೂ ದೇಶ ಸೇರಿದ್ದರೆ ಸಾಮಾನ್ಯವಾಗಿ ನಿಮ್ಮ ದೇಶದ ಈ ಒಂದು ಮುದ್ರೆ ಸಾಕು. ಇಲ್ಲದಿದ್ದರೆ ಎಂಬಸಿಯ ಅಟೆಸ್ಟೇಶನ್ ಬೇಕು. ಚೀನಾ 2023ರ ನವೆಂಬರಿನಲ್ಲಿ, ಕೆನಡಾ 2024ರ ಜನವರಿಯಲ್ಲಿ ಒಳಗೆ ಬಂದವು. ಆದ್ದರಿಂದ ಐದು ವರ್ಷದ ಹಿಂದೆ ಹೋದ ಗೆಳೆಯನ ಸಲಹೆ ಈಗ ಹಳೆಯದಾಗಿರಬಹುದು.

ಕುಟುಂಬ. ಹೆಂಡತಿಗೋ ಗಂಡನಿಗೋ ಸಿಗುವ ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡಬಹುದಾ ಅಂತ ಮೊದಲೇ ಕೇಳಿ. ವೀಸಾ ಕೈಗೆ ಬರುವವರೆಗೆ ಇದ್ದ ಕೆಲಸಕ್ಕೆ ರಾಜೀನಾಮೆ ಬೇಡ. ವೈದ್ಯಕೀಯ ಪರೀಕ್ಷೆ, ಪೊಲೀಸ್ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ, ತೀರಾ ಮುಂಚೆ ಮಾಡಿಸಿಡಬೇಡಿ. ಇಷ್ಟು ಸಾಕು.

ಒಂದು ಚೀಟಿ ಬಂದಿದೆ. ಓದುತ್ತೇನೆ. “ಅಲ್ಲಿಗೆ ಹೋದ ಕೂಡಲೇ ಪಾಸ್‌ಪೋರ್ಟ್ ಕಂಪನಿಯವರು ಇಟ್ಟುಕೊಳ್ಳುತ್ತಾರಂತೆ, ಜೋಪಾನ ಮಾಡಲು. ಕೊಡಬಹುದಾ?” ಹೆಸರು ಬರೆದಿಲ್ಲ. ಪರವಾಗಿಲ್ಲ.

ನಾನು ಶುರುವಿನಲ್ಲಿ ಹೇಳಿದ 1990ರ ಒಪ್ಪಂದದ 21ನೇ ವಿಧಿ ಇದೇ ವಿಷಯದ್ದು. ಕಾನೂನು ಅಧಿಕಾರ ಕೊಟ್ಟ ಸರಕಾರಿ ಅಧಿಕಾರಿಯ ಹೊರತು ಬೇರೆ ಯಾರೂ ನಿಮ್ಮ ಗುರುತಿನ ಕಾಗದಗಳನ್ನು ಕಿತ್ತುಕೊಳ್ಳುವಂತಿಲ್ಲ. 2003ರಲ್ಲಿ ಜಾರಿಗೆ ಬಂದ ಈ ಒಪ್ಪಂದವನ್ನು ಜನ ಜಾಸ್ತಿ ಕೆಲಸಕ್ಕೆ ಹೋಗುವ ಶ್ರೀಮಂತ ದೇಶಗಳು ಇನ್ನೂ ಒಪ್ಪಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ. ಆದರೂ ಆ ದೇಶಗಳಲ್ಲಿ ಹಲವು ಕಡೆ ಅಲ್ಲಿನದೇ ಕಾನೂನು ಇದನ್ನು ತಡೆಯುತ್ತದೆ. ನಿಮ್ಮದು ಯಾವ ದೇಶ ಅಂತ ಚೀಟಿಯಲ್ಲಿ ಇಲ್ಲ, ಆಮೇಲೆ ಬಂದು ಹೇಳಿ, ಕೂತು ಹುಡುಕೋಣ. ಸದ್ಯಕ್ಕೆ ಇಷ್ಟು. ರೆಸಿಡೆನ್ಸಿ ಸ್ಟಾಂಪಿಂಗಿಗೆ, ಅಂದರೆ ಅಲ್ಲಿ ವಾಸಿಸುವ ಅನುಮತಿಯ ಮುದ್ರೆ ಹಾಕಿಸಲು, ಅಂತ ಕೇಳಿದರೆ ಕೊಡಬೇಕಾಗಬಹುದು. ಕೊಡುವಾಗ ತಾರೀಖು ಹಾಕಿದ ರಸೀದಿ ತೆಗೆದುಕೊಳ್ಳಿ, ಯಾವಾಗ ವಾಪಸ್ ಅಂತ ಅದರಲ್ಲೇ ಬರೆಸಿ. ಕೊಡುವ ಮುಂಚೆ ಎಲ್ಲ ಪುಟದ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಜೋಪಾನ ಮಾಡಲು ಅಂತ ಕೇಳಿದರೆ, “ನಾನೇ ಜೋಪಾನ ಮಾಡಿಕೊಳ್ಳುತ್ತೇನೆ” ಅನ್ನಿ. ಅದಕ್ಕೂ ಒಪ್ಪದಿದ್ದರೆ ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ, ನಿಮ್ಮ ಎಂಬಸಿಯ ಫೋನ್ ನಂಬರನ್ನು ಈಗಲೇ, ಹೊರಡುವ ಮುಂಚೆಯೇ, ಒಂದು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡಿರಿ.

ಫೈಲ್ ತಂದವರು ಹೋಗಬೇಡಿ. ಸಭೆ ಮುಗಿದ ಮೇಲೂ ನಾನು ಇಲ್ಲೇ ಇರುತ್ತೇನೆ. ಆಫರ್ ಲೆಟರ್, ಪರ್ಮಿಟ್ ಏನಿದ್ದರೂ ತನ್ನಿ, ಎರಡನೇ ಪುಟ ಒಟ್ಟಿಗೆ ಓದೋಣ.