ಟಿವಿಯ ನೆತ್ತಿಯ ಮೇಲೊಂದು ಅಯಸ್ಕಾಂತ

ಕೇಳುಗ ಬಂಧುಗಳಿಗೆ ನಮಸ್ಕಾರ.

ಆರನೇ ಇಯತ್ತೆಯಲ್ಲಿದ್ದಾಗ, ಒಡೆದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಮನೆಯ ಕಲರ್ ಟಿವಿಯ ಗಾಜಿಗೆ ಹಚ್ಚಿದ್ದೆ. ವಾರ್ತೆ ಓದುತ್ತಿದ್ದವರ ಮುಖ ಒಂದು ಕಡೆ ಜಗ್ಗಿ, ಕೆನ್ನೆ ಹಸಿರಾಗಿ, ಹಣೆ ನೇರಳೆಯಾಯಿತು. ಅಯಸ್ಕಾಂತ ತೆಗೆದರೂ ಹಸಿರು ಕಲೆ ಹೋಗಲಿಲ್ಲ. ವಿಜಯಪುರದ ಗಾಂಧಿ ಚೌಕದ ಕಡೆಯಿಂದ ರಿಪೇರಿಯವರು ಬಂದರು. ತಾಮ್ರದ ತಂತಿ ಸುತ್ತಿದ ದೊಡ್ಡ ಬಳೆಯಂಥ ಕಾಯಿಲನ್ನು ಕರೆಂಟಿಗೆ ಜೋಡಿಸಿ, ಆರತಿ ಬೆಳಗಿದ ಹಾಗೆ ಪರದೆಯ ಮುಂದೆ ತಿರುಗಿಸುತ್ತ ನಿಧಾನವಾಗಿ ಹಿಂದೆ ಸರಿದರು. ಕಲೆ ಮಾಯವಾಯಿತು.

ಮುಂದೆ ಚಿತ್ರಕಲೆ ಕಲಿಯುವಾಗ ಗೊತ್ತಾಯಿತು, ನನ್ನ ಆ ತಂಟೆಯನ್ನೇ ಒಬ್ಬರು ಕಲಾಕೃತಿ ಮಾಡಿದ್ದರು. 1932ರಲ್ಲಿ ಕೊರಿಯಾದ ಸೋಲ್ ನಗರದಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್. 1965ರಲ್ಲಿ ಅವರು ಕಪ್ಪು-ಬಿಳುಪು ಟಿವಿಯೊಂದರ ನೆತ್ತಿಯ ಮೇಲೆ ಭಾರಿ ಅಯಸ್ಕಾಂತ ಇಟ್ಟರು. ಪರದೆಯ ಬೆಳಕಿನ ಗೆರೆಗಳು ಬಾಗಿ, ಬಳುಕಿ, ರಂಗೋಲಿಯ ಎಳೆಗಳಂತೆ ಮಡಚಿಕೊಂಡವು. ‘ಮ್ಯಾಗ್ನೆಟ್ ಟಿವಿ’ ಎಂಬ ಆ ಕೃತಿ ಈಗ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿದೆ.

ಹಳೆಯ ಡಬ್ಬಾ ಟಿವಿಯಲ್ಲಿ ಗಾಜಿನ ಕೊಳವೆಯ ಕುತ್ತಿಗೆಯಿಂದ ಎಲೆಕ್ಟ್ರಾನುಗಳ ಧಾರೆ ಚಿಮ್ಮಿ, ಪರದೆಯ ಒಳಮೈಗೆ ಬಳಿದ ಪುಡಿಗೆ ಬಡಿದು ಬೆಳಕಾಗುತ್ತದೆ. ಅಯಸ್ಕಾಂತ ಆ ಧಾರೆಯನ್ನು ನಡುದಾರಿಯಲ್ಲೇ ಬಾಗಿಸುತ್ತದೆ. ಇಂದಿನ ಚಪ್ಪಟೆ ಟಿವಿಯಲ್ಲಿ ಆ ಧಾರೆಯೇ ಇಲ್ಲ; ಅದರ ಮೇಲೆ ಎಂಥ ಅಯಸ್ಕಾಂತ ಇಟ್ಟರೂ ಚಿತ್ರ ಹೀಗೆ ಬಳುಕುವುದಿಲ್ಲ. ಅಂದರೆ ಕೊಳವೆ ಸತ್ತರೆ ಕೃತಿಯೂ ಸತ್ತಿತು.

ಎಲ್ಲ ಕಲೆಯ ಕಥೆ ಹೀಗಿಲ್ಲ. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಅವರ ದನಿ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಗ್ರಾಮಫೋನ್ ತಟ್ಟೆಗಳಲ್ಲಿತ್ತು. ಇವತ್ತು ಅದನ್ನು ಮೊಬೈಲಿನಲ್ಲಿ ಕೇಳುತ್ತೇವೆ. ಸೂಜಿಯ ಸರಸರ ಸದ್ದಿಲ್ಲ ಎಂಬ ಕೊರಗು ನನಗಿದೆ, ಆದರೂ ಹಾಡು ಹಾಡಾಗಿಯೇ ದಾಟಿ ಬಂದಿದೆ.

ಪೈಕ್ ಅವರದೇ ಇನ್ನೊಂದು ಕೃತಿ ಇವೆರಡರ ನಡುವೆ ನಿಲ್ಲುತ್ತದೆ. 1988ರಲ್ಲಿ ಕೊರಿಯಾದ ಗ್ವಾಚನ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿ 1003 ಟಿವಿಗಳನ್ನು ಗೋಪುರದಂತೆ ಪೇರಿಸಿದರು. ಅಕ್ಟೋಬರ್ 3 ಕೊರಿಯನ್ನರ ನಾಡಹಬ್ಬ, ಆ ಲೆಕ್ಕದಿಂದ 1003. ಟಿವಿಗಳು ಸವೆದು 2018ರಲ್ಲಿ ಗೋಪುರ ಆರಿಸಬೇಕಾಯಿತು. ಮತ್ತೆ ಬೆಳಗಿದ್ದು 2022ರಲ್ಲಿ. 737 ಟಿವಿಗಳನ್ನು ರಿಪೇರಿ ಮಾಡಿದರು, ಇಲ್ಲವೇ ಅಂಥದೇ ಹಳೆಯ ಸೆಟ್ಟು ಹುಡುಕಿ ತಂದು ಕೂಡಿಸಿದರು. ಮೇಲಿನ 266 ಸಣ್ಣ ಟಿವಿಗಳಿಗೆ ಮಾತ್ರ ಚಪ್ಪಟೆ ಪರದೆ ಬಂತು. ನನಗೆ ಇದು ಒಪ್ಪಿಗೆ, ಒಂದು ಕರಾರಿನ ಮೇಲೆ: ಯಾವುದು ಹಳೆಯದು, ಯಾವುದು ಬದಲಿ ಎಂದು ನೋಡಲು ಬಂದವರಿಗೆ ಅಲ್ಲೇ ತಿಳಿಯಬೇಕು. ಉಬ್ಬಿದ ಗಾಜಿನ ಬೆಳಕೇ ಬೇರೆ. ಅದನ್ನು ಕಂಡಿರದ ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ.

ಹಳೆಯ ಸೆಟ್ಟು ಹುಡುಕಿದರೆ ಇನ್ನೂ ಸಿಕ್ಕೀತು, ರಿಪೇರಿಯ ಕೈ ಸಿಗುವುದು ಕಷ್ಟ. ನಮ್ಮ ಊರಿನ ಗುಜರಿಯಲ್ಲಿ ತಾಮ್ರದ ಆಸೆಗೆ ಕೊಳವೆಯ ಕುತ್ತಿಗೆ ಮುರಿಯುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಅಲ್ಲಿಂದಲೇ ಒಂದು ಕಪ್ಪು-ಬಿಳುಪು ಸೆಟ್ಟು ತಂದು, ಅಂದು ನಮ್ಮ ಮನೆಗೆ ಬಂದಿದ್ದ ಅದೇ ಹಿರಿಯರನ್ನು ಹುಡುಕಿಕೊಂಡು ಹೋದೆ. ಹಿಂಬದಿ ಬಿಚ್ಚಿ ನೋಡಿದರು. “ಉಳದದ್ದೆಲ್ಲಾ ಕೈಲೆ ಮಾಡಬಹುದರಿ, ಟ್ಯೂಬ್ ಹೋತಂದ್ರ ಮಾತ್ರ ಮುಗೀತು” ಅಂದರು. ನಮ್ಮ ಪುಣ್ಯ, ಟ್ಯೂಬಿಗೆ ಜೀವವಿತ್ತು.

ಈಗ ಭಾನುವಾರ ಭಾನುವಾರ ನನ್ನ ಇಬ್ಬರು ವಿದ್ಯಾರ್ಥಿಗಳು ಅವರ ಹತ್ತಿರ ಕೂಡುತ್ತಾರೆ. ಕೊಳವೆಯೊಳಗೆ ಸಾವಿರಾರು ವೋಲ್ಟ್. ಸ್ವಿಚ್ ಆರಿಸಿದ ಮೇಲೂ ಒಳಗೆ ಉಳಿದಿರುತ್ತದೆ. ಹಾಗಾಗಿ ಉಳಿದ ಕರೆಂಟನ್ನು ಇಳಿಸುವುದೇ ಮೊದಲ ಪಾಠ: ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ತಂತಿ ಬಿಗಿದ ಸ್ಕ್ರೂಡ್ರೈವರನ್ನು ಕೊಳವೆಯ ಮೇಲಿನ ರಬ್ಬರ್ ಟೊಪ್ಪಿಗೆಯ ಕೆಳಗೆ ತೂರಿಸುವುದು. ಹುಡುಗಿಯೊಬ್ಬಳ ಕೈ ನಡುಗುತ್ತಿತ್ತು. ಅವರು ತಮ್ಮ ಕೈಯನ್ನು ಅವಳ ಕೈಯ ಮೇಲಿಟ್ಟು ಮುಂದಕ್ಕೆ ಒತ್ತಿದರು. ಚಟ್ ಎಂದು ನೀಲಿ ಕಿಡಿ ಹಾರಿತು. “ಹಾಂ, ಈಗ ಮುಟ್ಟವ್ವಾ” ಅಂದರು.

ನಮಸ್ಕಾರ.