ಕಂಕುಳಿನ ಗಂಟಿನೊಳಗೊಂದು ಬೀಜದ ಕಣ

ಎಲ್ಲರಿಗೂ ನಮಸ್ಕಾರ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ಕಂಕುಳಲ್ಲಿ ಗಂಟು ಕಟ್ಟಿತು ಅಂತ ಯಾರ್‍ಯಾರು ಗಾಬರಿಯಾಗಿದ್ದಿರಿ? ಕೈ ಎತ್ತಿ. ಇವತ್ತು ಆ ಗಂಟಿನೊಳಗೇ ಹೋಗಿ ಬರೋಣ.

ಅದು ದುಗ್ಧಗ್ರಂಥಿ (ಲಿಂಫ್ ನೋಡ್), ಅವರೆಕಾಳಿನ ಆಕಾರದ್ದು. ತೋಳಿಗೆ ಚುಚ್ಚಿದ ಲಸಿಕೆಯ ಒಂದು ಪಾಲು ದುಗ್ಧನಾಳ ಹಿಡಿದು ಇಲ್ಲಿಗೆ ಬರುತ್ತದೆ. ಇಲ್ಲಿ ಬಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಕಾದಿರುತ್ತವೆ. ಒಂದೊಂದರ ಮೈಮೇಲೂ ಒಂದೊಂದು ತರಹದ ಕೊಂಡಿ. ಬಂದದ್ದಕ್ಕೆ ಹೊಂದುವ ಕೊಂಡಿ ಇರುವುದು ತೀರಾ ಕೆಲವಕ್ಕೆ. ಅವು ಸಿಕ್ಕಿದ್ದನ್ನು ನುಂಗಿ, ತುಂಡು ಮಾಡಿ, ಟಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಕ್ಕೆ ತೋರಿಸುತ್ತವೆ. ಟಿ ಕೋಶ ಒಪ್ಪಿದರೆ ಕೆಲವು ಕೂಡಲೇ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರತಿಕಾಯ (ಆಂಟಿಬಾಡಿ) ತಯಾರಿಸಲು ಹೊರಡುತ್ತವೆ. ಅದು ಮೊದಲ ಕೊಯ್ಲು, ಕಾಳು ಅಷ್ಟು ಗಟ್ಟಿ ಇರುವುದಿಲ್ಲ. ಇನ್ನು ಕೆಲವು ಅಲ್ಲೇ ಉಳಿದು ಜರ್ಮಿನಲ್ ಸೆಂಟರ್ ಕಟ್ಟುತ್ತವೆ.

ಜರ್ಮಿನಲ್ ಅಂದರೆ ಮೊಳಕೆಯದ್ದು. 1880ರ ದಶಕದಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಇಲ್ಲಿ ಕೋಶಗಳು ಒಡೆದು ಎರಡಾಗುವುದನ್ನು ನೋಡಿ ಈ ಹೆಸರಿಟ್ಟರು. ನನಗೆ ಆ ಹೆಸರು ಇಷ್ಟ. ಯಾಕೆಂದರೆ ಇಲ್ಲಿ ನಡೆಯುವುದು ಬೀಜ ಆರಿಸುವ ಕೆಲಸವೇ. ಅಜ್ಜಂದಿರು ಕಣದಲ್ಲಿ ಒಳ್ಳೆ ತೆನೆ ನೋಡಿ ಮುಂದಿನ ಬಿತ್ತನೆಗೆ ಎತ್ತಿಡುತ್ತಿದ್ದರಲ್ವಾ, ಹಾಗೆ.

ಈ ಸೆಂಟರಿನ ಒಂದು ಬದಿಯನ್ನು ಕತ್ತಲ ವಲಯ ಅನ್ನುತ್ತಾರೆ. ಅಲ್ಲಿ ಬಿ ಕೋಶ ಒಡೆಯುತ್ತಾ ಹೋಗುತ್ತದೆ. ಎಐಡಿ ಅನ್ನುವ ಕಿಣ್ವ ಪ್ರತಿಕಾಯದ ಜೀನನ್ನು ಅಲ್ಲಲ್ಲಿ ಕೆಡಿಸುತ್ತದೆ, ಮಾಮೂಲಿಗಿಂತ ಸುಮಾರು 10 ಲಕ್ಷ ಪಟ್ಟು ಜಾಸ್ತಿ. ಅಪಾಯದ ಆಟ ಇದು. ಹಲವು ಲಿಂಫೋಮಾ ಕ್ಯಾನ್ಸರ್‌ಗಳು ಹುಟ್ಟುವುದೂ ಇಲ್ಲೇ. ಕೊಂಡಿ ಬದಲಾದ ಕೋಶ ಪಕ್ಕದ ಬೆಳಕಿನ ವಲಯಕ್ಕೆ ಬರುತ್ತದೆ. ಅಲ್ಲಿ ಬಲೆಯಂಥ ಕೋಶಗಳು ಲಸಿಕೆಯ ಅಂಶವನ್ನು ಹಿಡಿದಿಟ್ಟಿರುತ್ತವೆ. ಅದನ್ನು ಕಿತ್ತುಕೊಳ್ಳಬೇಕು. ಜಾಸ್ತಿ ಕಿತ್ತದ್ದಕ್ಕೆ ಟಿ ಕೋಶದ ನೆರವು, ಮಿಕ್ಕವಕ್ಕೆ ಸಾವು. ಗೆದ್ದದ್ದು ಮತ್ತೆ ಕತ್ತಲಿಗೆ, ಮತ್ತೆ ಪರೀಕ್ಷೆಗೆ. ಕೊನೆಗೆ ಕೆಲವು ನೆನಪಿನ ಕೋಶಗಳಾಗುತ್ತವೆ. ಕೆಲವು ಮೂಳೆಮಜ್ಜೆಗೆ ಹೋಗಿ ವರ್ಷಗಟ್ಟಲೆ ಪ್ರತಿಕಾಯ ಸುರಿಸುತ್ತಾ ಕೂರುತ್ತವೆ.

ಇದೆಲ್ಲ ಎಷ್ಟು ದಿನ ನಡೆಯುತ್ತದೆ? ರಕ್ತ ತೆಗೆದು ನೋಡಿದರೆ ಗೊತ್ತಾಗುವುದಿಲ್ಲ, ಗ್ರಂಥಿಗೇ ಸೂಜಿ ಹಾಕಬೇಕು. 2021ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅದನ್ನೇ ಮಾಡಿದರು. ಫೈಜರ್ ಲಸಿಕೆ ಪಡೆದ 14 ಜನರ ಕಂಕುಳಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ತೆಳು ಸೂಜಿ ಇಳಿಸಿದರು. ಎರಡನೇ ಡೋಸ್ ಆಗಿ 12 ವಾರ ಕಳೆದಿತ್ತು. ಹೆಚ್ಚಿನವರಲ್ಲಿ ಜರ್ಮಿನಲ್ ಸೆಂಟರಿನ ಆ ಕಣ ಇನ್ನೂ ಭರ್ತಿಯಾಗಿತ್ತು!

ಈಗ ಹೆಪಟೈಟಿಸ್ ಬಿ ಲಸಿಕೆ ನೋಡಿ. ದೊಡ್ಡವರಿಗೆ ಮೊದಲ ಡೋಸ್ ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಡುವಿನ ಆ ಐದು ತಿಂಗಳು ಏನೂ ಆಗುತ್ತಿಲ್ಲ ಅಂದುಕೊಂಡು ಮೂರನೆಯದನ್ನು ಮರೆಯುವವರು ಜಾಸ್ತಿ. ಆರಿಸಿಟ್ಟ ಬೀಜ ಕಾಯುತ್ತಿರುವುದೇ ಆ ಬಿತ್ತನೆಗೆ.

ಹಾಂ, ಇನ್ನೊಂದು. ಲಸಿಕೆ ಆದ ಹೊಸತರಲ್ಲಿ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಲು ಹೋದರೆ, ಈ ಗಂಟು ಕಂಡು ಬೇರೇನೋ ಅಂದುಕೊಳ್ಳದಂತೆ, ಯಾವ ತೋಳಿಗೆ ಯಾವತ್ತು ಹಾಕಿಸಿಕೊಂಡಿರಿ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.