ಸೋಪು ಹಾಕಿ ಎಬ್ಬಿಸುವ ಬುಗ್ಗೆ ಯಾರಿಗೆ ಬೇಕು?

ನಮಸ್ಕಾರ. ನಿಮ್ಮ ಬಚ್ಚಲಮನೆಯಲ್ಲಿ ಗೀಸರ್ ಇದೆ ಅಲ್ವಾ? ಆ ಹೆಸರು ಬಂದಿದ್ದು ಐಸ್‌ಲ್ಯಾಂಡಿನ ಒಂದು ಬಿಸಿನೀರ ಬುಗ್ಗೆಯಿಂದ. ಅದನ್ನು ಅಲ್ಲಿನವರು ಗೇಸಿರ್ ಅನ್ನುತ್ತಾರೆ, ಅಂದರೆ ಉಕ್ಕಿ ಚಿಮ್ಮುವಂಥದ್ದು. ನಮ್ಮ ಮನೆಯ ಗೀಸರಿಗೆ ಸ್ವಿಚ್ ಇರಲಿ, ಬೇಡ ಅನ್ನುವುದಿಲ್ಲ. ನೆಲದಿಂದ ಚಿಮ್ಮುವ ನೀರಿಗೂ ಸ್ವಿಚ್ ಇಟ್ಟರೆ ಮಾತ್ರ ನನಗೆ ಸರಿಬರುವುದಿಲ್ಲ.

ಇಟ್ಟಿದ್ದಾರೆ ಕೂಡ. ನ್ಯೂಜಿಲೆಂಡಿನ ವೈಓಟಾಪು ಎಂಬಲ್ಲಿ ಲೇಡಿ ನಾಕ್ಸ್ ಅನ್ನೋ ಬುಗ್ಗೆ ಇದೆ. ದಿನಾ ಬೆಳಗ್ಗೆ 10.15ಕ್ಕೆ ಅದರ ಪ್ರದರ್ಶನ. ನೀರಿಗೇನು ಗಡಿಯಾರ ಗೊತ್ತಾ? ಒಬ್ಬರು ಬಂದು ಅದರ ಬಾಯಿಗೆ ಸೋಪು ಸುರಿಯುತ್ತಾರೆ. ಸ್ವಲ್ಪ ಹೊತ್ತಿಗೆ ನೊರೆ ಉಕ್ಕುತ್ತದೆ, ಆಮೇಲೆ ನೀರು ಮೇಲಕ್ಕೆ ಹಾರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಈ ಗುಟ್ಟು ಗೊತ್ತಾಗಿದ್ದು ಕೈದಿಗಳಿಂದ. 1901ರ ಸುಮಾರಿಗೆ ಅಲ್ಲಿದ್ದ ಬಯಲು ಜೈಲಿನವರು ಬಿಸಿನೀರು ಸಿಕ್ಕಿತಲ್ಲ ಅಂತ ಬಟ್ಟೆ ಒಗೆಯಲು ಹೋದರು. ಸೋಪು ಬಿದ್ದದ್ದೇ ತಡ, ನೀರು ಭುಸ್ಸೆಂದು ಎದ್ದಿತು. ಪಾಪ, ಅವರಿಗೆ ಎಷ್ಟು ಗಾಬರಿಯಾಗಿರಬೇಡ! ಬುಗ್ಗೆಯೊಳಗೆ ಕೆಳಗಡೆ ಸುಡುಸುಡು ನೀರು, ಅದರ ಮೇಲೆ ಮುಚ್ಚಳ ಹಾಕಿದ ಹಾಗೆ ತಣ್ಣಗಿನ ನೀರು. ಸೋಪು ನೀರಿನ ಬಿಗಿತ ಸಡಿಲಿಸಿ ಎರಡನ್ನೂ ಬೆರೆಸುತ್ತದೆ. ಕೆಳಗೆ ಅದುಮಿಟ್ಟ ಬಿಸಿಗೆ ದಾರಿ ಸಿಗುತ್ತದೆ. ಕೈದಿಗಳ ಆ ಕಥೆ ನನಗೆ ಬಲು ಇಷ್ಟ. ಅದನ್ನೇ ದಿನಾ ಟಿಕೆಟ್ ಹರಿದು ಆಡಿಸುವುದು ಇಷ್ಟವಿಲ್ಲ.

ಐಸ್‌ಲ್ಯಾಂಡಿನ ಆ ಗೇಸಿರಿಗೂ ಇದೇ ಪಾಡು ಬಂದಿತ್ತು. 1916ರ ಹೊತ್ತಿಗೆ ಅದು ಸುಮ್ಮನಾಯಿತು. 1935ರಲ್ಲಿ ಅದರ ಅಂಚು ಕಡಿದು, ಕಾಲುವೆ ತೋಡಿ, ನೀರಿನ ಮಟ್ಟ ಇಳಿಸಿ ಎಬ್ಬಿಸಿದರು. ಮುಂದೆ ಹಬ್ಬದ ದಿನಗಳಲ್ಲಿ ಸೋಪು ಹಾಕಿಯೂ ಚಿಮ್ಮಿಸಿದರು. ಕೊನೆಗೆ ಬಿಟ್ಟರು. 2000ದಲ್ಲಿ ಭೂಕಂಪವಾಯಿತು ನೋಡಿ, ಯಾರ ಸೋಪೂ ಇಲ್ಲದೆ ಮುದುಕ ಮತ್ತೆ ಎದ್ದ!

ಪಕ್ಕದಲ್ಲೇ ಇರುವ ಸ್ಟ್ರೋಕುರ್ ಹತ್ತು ನಿಮಿಷಕ್ಕೊಮ್ಮೆ ತಾನೇ ಚಿಮ್ಮುತ್ತದೆ, ಅದನ್ನು ನೋಡಿ ಅನ್ನೋಣ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, 1963ರಲ್ಲಿ ಅದರ ಕಟ್ಟಿಕೊಂಡ ಗಂಟಲನ್ನೂ ಮನುಷ್ಯರೇ ಕೊರೆದು ಬಿಡಿಸಿದ್ದಂತೆ. ನನ್ನ ವಾದಕ್ಕೆ ಅಲ್ಲೇ ತೂತು ಬಿತ್ತು. ಇರಲಿ, ಗಂಟಲು ಬಿಡಿಸುವುದು ಬೇರೆ, ದಿನಾ ಕಚಗುಳಿ ಇಡುವುದು ಬೇರೆ.

ನನ್ನ ಓಟು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿರುವ ಸ್ಟೀಮ್‌ಬೋಟ್ ಅನ್ನೋ ಬುಗ್ಗೆಗೆ. ಅದು ಜೋರಾಗಿ ಚಿಮ್ಮಿದರೆ 90 ಮೀಟರು ದಾಟುತ್ತದೆ. 1911ರಿಂದ 1961ರವರೆಗೆ ಒಮ್ಮೆಯೂ ದೊಡ್ಡದಾಗಿ ಚಿಮ್ಮಲಿಲ್ಲ. 2019ರಲ್ಲಿ ಮಾತ್ರ 48 ಸಲ! ಯಾವಾಗ ಅಂತ ಅಲ್ಲಿನ ಸಿಬ್ಬಂದಿಯೂ ಹೇಳಲಾರರು. ನಾನು ಹೋದರೆ ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲೇ ಕೂರುತ್ತೇನೆ. ಚಿಮ್ಮದಿದ್ದರೆ ಚಿತ್ರಾನ್ನ ತಿಂದು ಎದ್ದು ಬರುತ್ತೇನೆ.